ಹಳೆ ಕಾರಿಗೆ ಟರ್ಬೊ ಹಾಕಿಸಬೇಕೆ?

ಪುಣೆಯಿಂದ ಬೆಳಗಾವಿಗೆ ಹೊರಟರೆ ಖಂಬಾಟ್ಕಿ ಘಾಟ್‌ನಲ್ಲಿ ನನ್ನ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ಏದುಸಿರು ಬಿಡುತ್ತದೆ. ‘ಟರ್ಬೊ ಹಾಕಿಸಿಬಿಡು’ ಎನ್ನುತ್ತಾರೆ ಗೆಳೆಯರು. ಅರ್ಧ ಬಾರ್ ಒತ್ತಡ ಕೊಟ್ಟರೆ ಎಂಜಿನ್‌ಗೆ ಸುಮಾರು ಒಂದೂವರೆ ಪಟ್ಟು ಗಾಳಿ, ಆಸೆಯಾಗದೆ ಇದ್ದೀತೇ? ಆದರೆ ಇಂಥ ಎಂಜಿನ್‌ಗಳ ಕಂಪ್ರೆಷನ್ ಅನುಪಾತ ಮೊದಲೇ 10:1ರ ಆಸುಪಾಸು. ಮೇಲೆ ಗಾಳಿ ತುರುಕಿದರೆ, ಕಿಡಿಯ ಉರಿ ತಲುಪುವ ಮೊದಲೇ ಮಿಶ್ರಣ ತಾನಾಗಿ ಸಿಡಿದು ಪಿಸ್ಟನ್ನೇ ಒಡೆಯಬಹುದು. ತಡೆಯಲು ದೊಡ್ಡ ಇಂಜೆಕ್ಟರ್, ಇಂಟರ್‌ಕೂಲರ್, ಇಸಿಯು ಟ್ಯೂನಿಂಗ್ ಬೇಕು. ಕ್ಲಚ್ ತಾಳುತ್ತದೆಯೋ, ಅದು ಬೇರೆ ಚಿಂತೆ. ಲಕ್ಷ ಕಿ.ಮೀ. ಓಡಿದ ಗಾಡಿಯಾದರೆ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನೂ ಅಡ್ಡ ಬರುತ್ತದೆ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಬಹುದು. ನಾನಂತೂ ಇದನ್ನು ಮಾರಿ, ಕಂಪನಿಯಲ್ಲೇ ಟರ್ಬೊ ಕೂರಿಸಿದ ಬಲೆನೊ ಆರ್‌ಎಸ್‌ನಂಥ ಹಳೆ ಕಾರು ಹುಡುಕುತ್ತಿದ್ದೇನೆ.