ಹಳೆ ಮಿಲ್ಲಿಂಗ್ ಮೆಷಿನ್ ಸಿಎನ್‌ಸಿ ಆಗುವ ಬಗೆ

1938ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಲೋಹ ಕೊರೆಯುವ ಮೊದಲ ಬ್ರಿಡ್ಜ್‌ಪೋರ್ಟ್ ಮಿಲ್ಲಿಂಗ್ ಮೆಷಿನ್ ತಯಾರಾಯಿತು. ಅದರ ಎರಕದ ಕಬ್ಬಿಣದ ಮೈ ಬಲು ಗಟ್ಟಿ. ಹಾಗಾಗಿಯೇ ದಶಕಗಳ ಹಿಂದಿನ ಮೆಷಿನ್‌ಗಳನ್ನು ಹವ್ಯಾಸಿಗಳು ಇಂದಿಗೂ ಮನೆಯ ಗ್ಯಾರೇಜಿಗೆ ತಂದು, ಕಂಪ್ಯೂಟರ್ ಹೇಳಿದಂತೆ ಕೇಳುವ ಸಿಎನ್‌ಸಿಯಾಗಿ ಬದಲಾಯಿಸುತ್ತಾರೆ.

ಮೋಟಾರ್ ಕೂರಿಸುವುದು ಆಮೇಲಿನ ಮಾತು.

ಮೊದಲು ಬಿಚ್ಚಬೇಕು, ತೊಳೆಯಬೇಕು. ಟೇಬಲ್ ಜಾರುವ ಹಾದಿಗಳು ಎಲ್ಲೆಡೆ ಒಂದೇ ಸಮ ಸವೆಯುವುದಿಲ್ಲ. ನೀಲಿ ಬಣ್ಣ ಸವರಿದ ಸಮತಟ್ಟು ಪಟ್ಟಿಯನ್ನು ಅವುಗಳ ಮೇಲೆ ಉಜ್ಜಿ, ಬಣ್ಣ ಹತ್ತಿದ ಉಬ್ಬುಗಳನ್ನು ಸ್ಕ್ರೇಪರ್‌ನಿಂದ ಕೈಯಲ್ಲೇ ಹೆರೆಯುತ್ತಾರೆ. ಇಲ್ಲಿ ಆತುರಪಟ್ಟರೆ ಯಾವ ಸಾಫ್ಟ್‌ವೇರೂ ನಿಖರತೆ ತಂದುಕೊಡದು.

ಮುಂದಿನದು ‘ಪ್ಲೇ’. ಹ್ಯಾಂಡಲ್ ತಿರುಗುತ್ತದೆ, ಟೇಬಲ್ ಕದಲುವುದಿಲ್ಲ. ಇದು ಟೇಬಲ್ ಸರಿಸುವ ಸ್ಕ್ರೂ ಮತ್ತು ಅದರ ನಟ್ ನಡುವಿನ ಸಡಿಲ. ಅನುಭವಿ ಕೆಲಸಗಾರ ಅದನ್ನು ಕೈಯಲ್ಲೇ ಸರಿದೂಗಿಸುತ್ತಾನೆ, ಮೋಟಾರಿಗೆ ಆ ಅರಿವಿಲ್ಲ. ವೃತ್ತ ಕೊರೆಯಹೋದರೆ ಅಕ್ಷದ ದಿಕ್ಕು ಬದಲಾಗುವಲ್ಲೆಲ್ಲ ಗುರುತು ಬೀಳುತ್ತದೆ. ಇದಕ್ಕೆ ಉತ್ತರ ಬಾಲ್ ಸ್ಕ್ರೂ. ನಟ್‌ನೊಳಗೆ ಉರುಳುವ ಉಕ್ಕಿನ ಗುಂಡುಗಳು ಸಡಿಲವನ್ನೂ ಘರ್ಷಣೆಯನ್ನೂ ಬಹುಮಟ್ಟಿಗೆ ಇಳಿಸುತ್ತವೆ. ದುಡ್ಡು ಉಳಿಸಬಾರದ ಜಾಗ ಇದೇ! ಆದರೆ ಬಾಲ್ ಸ್ಕ್ರೂ ಹಿಂದಕ್ಕೂ ಸಲೀಸಾಗಿ ತಿರುಗುತ್ತದೆ. ಕರೆಂಟ್ ಹೋದರೆ ಮೇಲೆ-ಕೆಳಗೆ ಚಲಿಸುವ ಭಾರದ ಝಡ್ ಅಕ್ಷ ತಾನಾಗಿ ಕೆಳಗಿಳಿಯಬಹುದು, ಅಲ್ಲಿಗೆ ಬ್ರೇಕ್ ಬೇಕು.

ಈಗ ಮೋಟಾರಿನ ಸರದಿ. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸಾಮಾನ್ಯ ಸ್ಟೆಪ್ಪರ್ ಮೋಟಾರ್ ಒಂದು ಸುತ್ತಿಗೆ 200 ಹೆಜ್ಜೆ ಹಾಕುತ್ತದೆ. ಒಂದು ಸುತ್ತಿಗೆ 5 ಮಿಲಿಮೀಟರ್ ಸಾಗುವ ಸ್ಕ್ರೂಗೆ ನೇರ ಜೋಡಿಸಿದರೆ, ಹೆಜ್ಜೆಗೆ 0.025 ಮಿಲಿಮೀಟರ್.

ನಿಯಂತ್ರಣಕ್ಕೆ ಲಿನಕ್ಸ್‌ಸಿಎನ್‌ಸಿ ಇದೆ, ಉಚಿತ. ಅದರ ಬೇರು ಅಮೆರಿಕ ಸರ್ಕಾರದ ಮಾನಕ ಸಂಸ್ಥೆ ನಿಸ್ಟ್‌ನಲ್ಲಿದೆ. ಮೊದಲ ಪ್ರೋಗ್ರಾಂ ಓಡುವಾಗ ಟೇಬಲ್ ಮೇಲೆ ಲೋಹ ಇಡುವುದಿಲ್ಲ. ಎಮರ್ಜೆನ್ಸಿ ಸ್ಟಾಪ್ ಗುಂಡಿ ಮಾತ್ರ ಕೈಗೆಟುಕುವಲ್ಲೇ ಇರಬೇಕು.