ಕಚೇರಿಗಳ ನಡುವಣ ದೂರವಾಣಿ ಕರೆಗಳು ಸರ್ಕಾರದ ಸ್ವಂತ ಜಾಲದ ಮೂಲಕ: ಸಾರ್ವಜನಿಕರಿಗೆ ಮಾಹಿತಿ

ತಾಲ್ಲೂಕು ಕಚೇರಿಗೆ ಸಲ್ಲಿಸಿದ ಅರ್ಜಿಯ ಬಗ್ಗೆ ಸಂದೇಹ ಉಂಟಾದಾಗ ಅಲ್ಲಿನ ಸಿಬ್ಬಂದಿಯು ಜಿಲ್ಲಾ ಕಚೇರಿಯೊಡನೆ ಮಾತನಾಡಬೇಕಾಗುತ್ತದೆ. ಕಚೇರಿಯಲ್ಲಿ ಒಂದೇ ಸಾರ್ವಜನಿಕ ದೂರವಾಣಿ ಮಾರ್ಗವಿದ್ದು, ಈ ಮಾತುಕತೆಯೂ ಅದರಲ್ಲೇ ನಡೆದರೆ, ಅದೇ ಸಮಯದಲ್ಲಿ ವಿಚಾರಿಸಲು ಕರೆ ಮಾಡುವ ಅರ್ಜಿದಾರರಿಗೆ ಸಂಪರ್ಕ ದೊರೆಯುವುದಿಲ್ಲ. ದೂರದ ಗ್ರಾಮದವರು ಒಂದು ದಿನದ ಕೂಲಿ ಬಿಟ್ಟು ಖುದ್ದಾಗಿ ಬರಬೇಕಾಗುತ್ತದೆ. ಆಂತರಿಕ ಕರೆಗಳನ್ನು ಪ್ರತ್ಯೇಕ ಜಾಲಕ್ಕೆ ವರ್ಗಾಯಿಸುವುದರಿಂದ ಈ ತೊಂದರೆಯನ್ನು ತಗ್ಗಿಸಬಹುದು.

ಜಾಲದ ಹಿನ್ನೆಲೆ

ರಾಜ್ಯ ಕೇಂದ್ರ, ಜಿಲ್ಲಾ ಕೇಂದ್ರ ಹಾಗೂ ತಾಲ್ಲೂಕು ಕೇಂದ್ರಗಳನ್ನು ಜೋಡಿಸುವ ರಾಜ್ಯ ವಿಶಾಲ ಪ್ರದೇಶ ಜಾಲ ಯೋಜನೆಗೆ ಕೇಂದ್ರ ಸರ್ಕಾರವು 2005ರ ಮಾರ್ಚ್‌ನಲ್ಲಿ ಅನುಮೋದನೆ ನೀಡಿತು. ಕನಿಷ್ಠ 2 ಮೆಗಾಬಿಟ್ ಸಾಮರ್ಥ್ಯದಲ್ಲಿ ದತ್ತಾಂಶ, ಧ್ವನಿ ಮತ್ತು ದೃಶ್ಯಗಳನ್ನು ಸಾಗಿಸುವುದು ಯೋಜನೆಯ ಉದ್ದೇಶವಾಗಿತ್ತು. ಕರ್ನಾಟಕದಲ್ಲಿ ಈ ಜಾಲವು ಕೆ-ಸ್ವಾನ್ ಎಂದು ಪರಿಚಿತವಾಗಿದೆ.

ಕಾರ್ಯವಿಧಾನ

ವಾಯ್ಪ್ ಎಂದು ಕರೆಯಲಾಗುವ ಈ ವಿಧಾನದಲ್ಲಿ ಮಾತನ್ನು ಅಂಕೀಯ ರೂಪಕ್ಕೆ ಪರಿವರ್ತಿಸಿ, ಸಾಮಾನ್ಯವಾಗಿ ಸೆಕೆಂಡಿಗೆ 50ರಂತೆ ಸಣ್ಣ ಕಂತೆಗಳಾಗಿ ಕಳುಹಿಸಲಾಗುತ್ತದೆ. ಧ್ವನಿಯನ್ನು 8 ಕಿಲೋಬಿಟ್‌ಗೆ ಸಂಕುಚಿತಗೊಳಿಸಿದರೆ, ಕಂತೆಗಳ ಮೇಲಿನ ವಿಳಾಸವೂ ಸೇರಿ ಒಂದು ಕರೆಗೆ ಪ್ರತಿ ದಿಕ್ಕಿನಲ್ಲಿ ಸುಮಾರು 24 ಕಿಲೋಬಿಟ್ ಬೇಕಾಗುತ್ತದೆ. ಏಕಕಾಲಕ್ಕೆ 10 ಕರೆಗಳು ನಡೆದರೂ 2 ಮೆಗಾಬಿಟ್ ಮಾರ್ಗದ ಎಂಟನೆಯ ಒಂದು ಭಾಗದಷ್ಟು ಮಾತ್ರ ಬಳಕೆಯಾಗುತ್ತದೆ. ಜಾಲವು ಮೊದಲೇ ಇರುವುದರಿಂದ ಪ್ರತಿ ಕರೆಗೆ ಪ್ರತ್ಯೇಕ ಶುಲ್ಕ ತಗಲುವುದಿಲ್ಲ. ದೊಡ್ಡ ಕಡತಗಳು ಅದೇ ಮಾರ್ಗದಲ್ಲಿ ಸಾಗುವಾಗ ಮಾತು ತುಂಡಾಗದಂತೆ ಧ್ವನಿಯ ಕಂತೆಗಳಿಗೆ ಆದ್ಯತೆ ನೀಡಬೇಕಾಗುತ್ತದೆ.

ಮಿತಿಗಳು

ತಂತಿಯ ಸಾಂಪ್ರದಾಯಿಕ ಸ್ಥಿರ ದೂರವಾಣಿಗೆ ವಿನಿಮಯ ಕೇಂದ್ರದಿಂದಲೇ ವಿದ್ಯುತ್ ದೊರೆಯುತ್ತದೆ. ಜಾಲದ ದೂರವಾಣಿಯಾದರೋ ಕಚೇರಿಯ ವಿದ್ಯುತ್ತನ್ನು ಅವಲಂಬಿಸಿದ್ದು, ವಿದ್ಯುತ್ ಕಡಿತವಾದಾಗ ಬ್ಯಾಟರಿ ವ್ಯವಸ್ಥೆ ಇಲ್ಲದಿದ್ದರೆ ಸ್ಥಗಿತಗೊಳ್ಳುತ್ತದೆ. ಆದ್ದರಿಂದ ಸಾರ್ವಜನಿಕ ಮಾರ್ಗವನ್ನು ಸಂಪೂರ್ಣವಾಗಿ ಕೈಬಿಡುವುದು ಸೂಕ್ತವಲ್ಲ.

ಅರ್ಜಿದಾರರ ಗಮನಕ್ಕೆ

1. ಆಂತರಿಕ ಸಂಖ್ಯೆಗಳು ಕಚೇರಿಗಳ ಪರಸ್ಪರ ಬಳಕೆಗಾಗಿ ಇರುತ್ತವೆ. ಸಾರ್ವಜನಿಕರು ಕಚೇರಿಯ ಪ್ರಕಟಿತ ದೂರವಾಣಿ ಸಂಖ್ಯೆಗೇ ಕರೆ ಮಾಡತಕ್ಕದ್ದು.

2. ಕರೆ ಮಾಡುವಾಗ ಸ್ವೀಕೃತಿ ಪತ್ರದಲ್ಲಿರುವ ಅರ್ಜಿ ಸಂಖ್ಯೆಯನ್ನು ತಿಳಿಸಿದಲ್ಲಿ ಅರ್ಜಿಯನ್ನು ಪತ್ತೆ ಹಚ್ಚುವುದು ಸುಲಭವಾಗುತ್ತದೆ.

3. ಅಧಿಕಾರಿಗಳ ನಡುವಣ ಮಾತುಕತೆಯು ಲಿಖಿತ ಆದೇಶಕ್ಕೆ ಬದಲಿಯಲ್ಲ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಗಳಲ್ಲಿ ಅರ್ಜಿಯನ್ನು ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ದಾಖಲಿಸಿ ಅರ್ಜಿದಾರರಿಗೆ ತಿಳಿಸತಕ್ಕದ್ದು. "ಮೇಲಿನ ಕಚೇರಿಯವರು ದೂರವಾಣಿಯಲ್ಲಿ ಬೇಡವೆಂದರು" ಎಂಬ ಬಾಯಿಮಾತಿನ ಉತ್ತರ ದೊರೆತಲ್ಲಿ, ಲಿಖಿತ ಹಿಂಬರಹವನ್ನು ಕೇಳಿ ಪಡೆಯಿರಿ. ಮೇಲ್ಮನವಿ ಸಲ್ಲಿಸುವಾಗ ಅದೇ ನಿಮಗೆ ಆಧಾರವಾಗುತ್ತದೆ.