ಗುಂಡಿಯ ಸರಾಸರಿ, ಗೋಧಿಯ ಸರಾಸರಿ

ಅಗೆದ ಮಣ್ಣಿನ ಅಳತೆ ನೋಡಿ ಕೂಲಿ ಕೊಡುವುದು ಹಳೆಯ ಪದ್ಧತಿ. ಆದರೆ ಗುಂಡಿಯೇನು ಪೆಟ್ಟಿಗೆಯಂತೆ ನೇರವಾಗಿರುತ್ತದೆಯೇ? ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಇಲ್ಲಿ ಮೊಣಕಾಲಿನವರೆಗೆ, ಅಲ್ಲಿ ಎದೆಮಟ್ಟ. ಆಳವಾದ ಕಡೆ ಅಳೆದರೆ ಕೂಲಿ ಕೊಡುವವನಿಗೆ ನಷ್ಟ, ಆಳವಿಲ್ಲದ ಕಡೆ ಅಳೆದರೆ ಅಗೆದವನಿಗೆ.

ಈ ತಕರಾರಿಗೆ ನಮ್ಮ ಹಳೆಯ ಗಣಿತಜ್ಞರು ಒಂದು ಉಪಾಯ ಕಂಡುಕೊಂಡಿದ್ದರು. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ, 9ನೆಯ ಶತಮಾನದಲ್ಲಿ ನೃಪತುಂಗನ ಕಾಲದ ಮಹಾವೀರಾಚಾರ್ಯ, 1150ರಲ್ಲಿ 'ಲೀಲಾವತಿ' ಬರೆದ ಭಾಸ್ಕರಾಚಾರ್ಯ, ಮೂವರೂ ಅಗೆತದ ಲೆಕ್ಕವನ್ನು 'ಖಾತ ವ್ಯವಹಾರ' ಎಂದು ಕರೆದು ಅದಕ್ಕೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿದ್ದಾರೆ. ಭಾಸ್ಕರನ ಗುಂಡಿಯ ಉದ್ದ ಮೂರು ಕಡೆ ಅಳೆದಾಗ 10, 11, 12 ಮೊಳ; ಅಗಲ 6, 5, 7; ಆಳ 2, 4, 3. ಪ್ರತಿಯೊಂದನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ 11, 6, 3 ಬರುತ್ತದೆ. ಇವನ್ನು ಗುಣಿಸಿದರೆ 198 ಘನ ಮೊಳ. ಹೀಗೆ ಬಂದ ಸಮನಾದ ಅಳತೆಗೆ ಅವನು ಕೊಟ್ಟ ಹೆಸರು 'ಸಮಮಿತಿ'. ನಾವು ಇಂದು ಬಳಸುವ 'ಸರಾಸರಿ' ಪಾರಸಿಯ 'ಸರಾಸರ್' ಎಂಬುದರಿಂದ ಬಂದದ್ದು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಂದು ಅದರರ್ಥ. ಲೀಲಾವತಿಗೆ ವ್ಯಾಖ್ಯಾನ ಬರೆದ 16ನೆಯ ಶತಮಾನದ ಗಣೇಶ ದೈವಜ್ಞ ಇನ್ನೊಂದು ಮಾತು ಸೇರಿಸುತ್ತಾನೆ: ಹೆಚ್ಚು ಕಡೆ ಅಳೆದಷ್ಟೂ ಲೆಕ್ಕ ನಿಜಕ್ಕೆ ಹತ್ತಿರವಾಗುತ್ತದೆ.

ಕೂಡಿಸಿ ಭಾಗಿಸಿದರೆ ಕೆಲಸ ಮುಗಿಯಿತೆಂದು ಶಾಲೆಯಲ್ಲಿ ಕಲಿತವರಿಗೆ ಲೀಲಾವತಿಯ ಚಿನ್ನದ ಲೆಕ್ಕ ಒಂದು ಎಚ್ಚರಿಕೆ. 10 ಮಾಷ ತೂಕದ ಚಿನ್ನದ ಬಣ್ಣ 13, 4 ಮಾಷದ್ದು 12, 2 ಮಾಷದ್ದು 11, ಮತ್ತೆ 4 ಮಾಷದ್ದು 10. ಬಣ್ಣವೆಂದರೆ ಇಲ್ಲಿ ಶುದ್ಧತೆಯ ಮಟ್ಟ. ಅಪ್ಪಟ ಚಿನ್ನ 16 ಬಣ್ಣದ್ದು. ನಾಲ್ಕನ್ನೂ ಕರಗಿಸಿದರೆ? 13, 12, 11, 10 ಕೂಡಿಸಿ ನಾಲ್ಕರಿಂದ ಭಾಗಿಸಿದವನಿಗೆ ಹನ್ನೊಂದೂವರೆ ಸಿಗುತ್ತದೆ, ಅವನು ಮೋಸಹೋಗುತ್ತಾನೆ. ಒಂದೊಂದು ಚೂರಿನ ತೂಕವನ್ನೂ ಅದರ ಬಣ್ಣದಿಂದ ಗುಣಿಸಿ ಕೂಡಿಸಿದರೆ 240. ಒಟ್ಟು ತೂಕ 20ರಿಂದ ಭಾಗಿಸಿದರೆ 12. ಅದೇ ಸರಿಯಾದ ಉತ್ತರ.

ಗುಂಡಿಯಲ್ಲೂ ಮೂಸೆಯಲ್ಲೂ ಒಂದು ಸಂಗತಿ ಸಮಾನ. ಗುಂಡಿ ಒಂದೇ, ಅಲ್ಲಿ ಕಡಿಮೆಯಾದದ್ದನ್ನು ಇಲ್ಲಿ ಹೆಚ್ಚಾದದ್ದು ತುಂಬಿಕೊಡುತ್ತದೆ. ಚಿನ್ನವೂ ಕರಗಿ ನಿಜಕ್ಕೂ ಒಂದಾಗುತ್ತದೆ. ಆದರೆ ಎಂದೂ ಬೆರೆಯದ ವಸ್ತುಗಳ ಸರಾಸರಿ ತೆಗೆದರೆ ಏನಾಗುತ್ತದೆಂಬುದನ್ನು ತಿಳಿಯಲು ಅಕ್ಬರನ ಕಂದಾಯದ ಲೆಕ್ಕ ನೋಡಬೇಕು.

ಅಬುಲ್ ಫಜಲನ 'ಐನ್-ಇ-ಅಕ್ಬರಿ'ಯಲ್ಲಿ ಪ್ರತಿವರ್ಷ ಸಾಗುವಳಿಯಾಗುವ ಭೂಮಿಗೆ ಮೂರು ದರ್ಜೆಗಳಿವೆ. ಒಂದು ಬಿಘಾಗೆ ಗೋಧಿಯ ಇಳುವರಿ ಉತ್ತಮ ನೆಲದಲ್ಲಿ 18 ಮಣ, ಮಧ್ಯಮದಲ್ಲಿ 12, ಕನಿಷ್ಠದಲ್ಲಿ 8 ಮಣ 35 ಸೇರು. ಮಣಕ್ಕೆ 40 ಸೇರು. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ ಸುಮಾರು 12 ಮಣ 38 ಸೇರು. ಇದರಲ್ಲಿ ಮೂರನೆಯ ಒಂದು ಪಾಲು, ಎಂದರೆ 4 ಮಣ 12 ಮುಕ್ಕಾಲು ಸೇರು, ಸರ್ಕಾರಕ್ಕೆ. ಮೂರರಲ್ಲಿ ಒಂದು ಪಾಲೆಂದರೆ ನ್ಯಾಯವಾಗಿಯೇ ಕೇಳಿಸುತ್ತದೆ. ಆದರೆ ಈ ಒಂದೇ ದರವನ್ನು ಮೂವರಿಗೂ ಹಾಕಿ ನೋಡಿ. ಉತ್ತಮ ನೆಲದವನು ತನ್ನ ಬೆಳೆಯಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಕೊಟ್ಟು ಮನೆಗೆ ಹೋಗುತ್ತಾನೆ. ಕನಿಷ್ಠ ನೆಲದವನು ಹೆಚ್ಚುಕಡಿಮೆ ಅರ್ಧವನ್ನೇ ಅಳೆದುಕೊಡಬೇಕು. ಒಬ್ಬನ ಹೆಚ್ಚಿನ ಗೋಧಿ ಇನ್ನೊಬ್ಬನ ಕಣಜಕ್ಕೆ ಹರಿದುಬರುವುದಿಲ್ಲವಲ್ಲ! ಅಧಿಕಾರಿಗಳನ್ನು ಪೂರ್ತಿ ದೂಷಿಸುವಂತೆಯೂ ಇಲ್ಲ. ವರ್ಷವರ್ಷವೂ ಪ್ರತಿ ಹೊಲದ ಫಸಲನ್ನು ಅಳೆಯುವುದು ಆಗದ ಮಾತು. ಅದೇ ಕಾರಣದಿಂದ 1580ರಲ್ಲಿ ಹಿಂದಿನ ಹತ್ತು ವರ್ಷಗಳ ಸರಾಸರಿಯ ಮೇಲೆ ನಗದು ಕಂದಾಯ ಗೊತ್ತುಮಾಡುವ 'ದಹ್‌ಸಾಲಾ' ಪದ್ಧತಿ ಬಂತು.

ಇದು ಮೊಗಲರೊಂದಿಗೆ ಮುಗಿದ ಕಥೆಯಲ್ಲ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಪ್ರಮುಖ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಒಂದು ಘಟಕ. 2020ರ ಪರಿಷ್ಕೃತ ನಿಯಮಗಳಂತೆ, ಏಳು ವರ್ಷಗಳಲ್ಲಿ ಉತ್ತಮವಾದ ಐದರ ಸರಾಸರಿ ಇಳುವರಿ ಹಿಡಿದು, ಅದರ ನಿಗದಿತ ಪಾಲಿಗಿಂತ ಈ ವರ್ಷದ ಪಂಚಾಯಿತಿಯ ಸರಾಸರಿ ಕೆಳಗಿಳಿದರೆ ಮಾತ್ರ ಇಳುವರಿ ನಷ್ಟದ ಪರಿಹಾರ. ಆಲಿಕಲ್ಲಿನಂಥ ಸ್ಥಳೀಯ ವಿಕೋಪಗಳಿಗೆ ಬೇರೆ ದಾರಿಯಿದೆ, ನಿಜ. ಆದರೆ ಕಾಲುವೆಯ ಕೊನೆಯಲ್ಲಿದ್ದು ನೀರು ತಲುಪದೆ ಪೈರು ಒಣಗಿಸಿಕೊಂಡ ರೈತ, ಊರಿನ ಉಳಿದವರ ಬೆಳೆ ಚೆನ್ನಾಗಿದ್ದರೆ ಬರಿಗೈಯಲ್ಲೇ ಉಳಿಯುತ್ತಾನೆ. ಊರೆಲ್ಲ ಒಣಗಿ ತನ್ನ ಹೊಲ ಮಾತ್ರ ಉಳಿದವನಿಗೆ ಪರಿಹಾರ ಸಿಗುತ್ತದೆ.

ಆ ಸರಾಸರಿಯನ್ನು ತೆಗೆಯುವುದು ಬೆಳೆ ಕಟಾವು ಪ್ರಯೋಗದಿಂದ. ಆಯ್ದ ಹೊಲಗಳಲ್ಲಿ ಒಂದು ಸಣ್ಣ ತುಂಡನ್ನು ಗುರುತುಮಾಡಿ, ಕೊಯ್ದು, ಒಕ್ಕಿ, ತೂಗುತ್ತಾರೆ. ಪ್ರಮುಖ ಬೆಳೆಯೊಂದಕ್ಕೆ ಇಡೀ ಪಂಚಾಯಿತಿಯಲ್ಲಿ ಕನಿಷ್ಠ ನಾಲ್ಕು ಕಡೆ ಹೀಗೆ ತೂಗಬೇಕೆಂಬುದು ನಿಯಮ. ಭಾಸ್ಕರಾಚಾರ್ಯ ಒಂದೇ ಗುಂಡಿಯನ್ನು ಮೂರು ಕಡೆ ಅಳೆದಿದ್ದ.